ಒಂದೇ ಕೂಗಿಗೆ ಓಗೊಟ್ಟವರು

2004ರಲ್ಲಿ ನಾನು ಕೊಪ್ಪದಲ್ಲಿ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದೆ. ಅದಕ್ಕೆ ಮೊದಲು ನರಸಿಂಹರಾಜಪುರದ ಕಡೆ ನಾಲ್ಕು ವರ್ಷ ರೇಂಜರ್ ಆಗಿ, ಮರಗಳ್ಳರ ಹಿಂದೆ ಓಡಿ ಓಡಿ ಮಂಡಿ ಸವೆಸಿಕೊಂಡಿದ್ದವನಿಗೆ ಮೇಜಿನ ಕೆಲಸ ಸಿಕ್ಕಿತೆಂದು ಒಳಗೊಳಗೇ ಖುಷಿಯಾಗಿತ್ತು. ಶೃಂಗೇರಿಯಾಚೆಯ ಗುಡ್ಡಸಾಲಿನಲ್ಲಿರುವ ರಾಷ್ಟ್ರೀಯ ಉದ್ಯಾನಕ್ಕೆ ಹೊಸ ಮ್ಯಾನೇಜ್‌ಮೆಂಟ್ ಪ್ಲ್ಯಾನ್ ತಯಾರಾಗಬೇಕಿತ್ತು. ಮುಂದಿನ ಹತ್ತು ವರ್ಷ ಆ ಕಾಡನ್ನು ಯಾರು, ಎಲ್ಲಿ ನಿಂತು, ಹೇಗೆ ಕಾಯಬೇಕು ಎಂದು ಹೇಳುವ ದಪ್ಪ ಪುಸ್ತಕ ಅದು. ಅದರಲ್ಲಿ ಸಂರಕ್ಷಣೆಯ ಅಧ್ಯಾಯ ನನ್ನ ಪಾಲಿಗೆ ಬಂತು. ಬೆಂಕಿ ದಾಟಿ ಹರಡದಂತೆ ಬೆಂಕಿರೇಖೆ ಎಲ್ಲಿ ಕಡಿಯಬೇಕು, ಗಸ್ತಿನ ದಾರಿ ಯಾವುದು, ಕಳ್ಳಬೇಟೆಯವರು ಯಾವ ಕಡೆಯಿಂದ ನುಗ್ಗುತ್ತಾರೆ, ಇವೆಲ್ಲ ಅದರಲ್ಲಿ ಬರಬೇಕು.

ಆ ಸಲ ಮೇಲಿನಿಂದ ಒಂದು ಸೂಚನೆಯೂ ಇತ್ತು. ಉದ್ಯಾನದೊಳಗೆ ತಲೆಮಾರುಗಳಿಂದ ಇರುವ ಗಿರಿಜನರ ಜೊತೆ ಕೂತು, ಅವರನ್ನು ಪಾಲುದಾರರನ್ನಾಗಿ ಮಾಡಿಕೊಂಡು ಪ್ಲ್ಯಾನ್ ಬರೆಯಬೇಕು ಎಂದು. ನಮ್ಮಲ್ಲಿ ಇಂಥ ಸೂಚನೆ ಬಂದರೆ ಏನಾಗುತ್ತದೆ ಎಂದು ಮುಚ್ಚಿಡುವುದಿಲ್ಲ. ಒಂದು ಸಭೆ, ಒಂದು ಫೋಟೋ, ಹತ್ತು ಹೆಬ್ಬೆಟ್ಟು, ಮುಗಿಯಿತು. ನಾನೂ ಆ ಜಾತಿಯ ಅಧಿಕಾರಿಯೇ. ಆದರೆ ಬೆಂಕಿ ಬಿದ್ದಾಗ ನಮ್ಮ ಗಾರ್ಡುಗಳಿಗಿಂತ ಮೊದಲು ಬಡಿದು ಆರಿಸಲು ಸೊಪ್ಪು ಹಿಡಿದು ಓಡಿಬರುವವರು ಅವರೇ ಎಂಬುದನ್ನು ಕಣ್ಣಾರೆ ಕಂಡಿದ್ದೆ. ಹಾಗಾಗಿ ಈ ಸಲ ನಿಜವಾಗಿಯೇ ಕೂತು ಕೇಳೋಣ ಎಂದುಕೊಂಡೆ.

ನೆತ್ತಿಬೈಲು ಎಂಬ ಆ ಕೇರಿಗೆ ಬೇಗಾರು ದಾಟಿ ಜೀಪು ಹೋಗುವಷ್ಟು ದೂರ ಹೋಗಿ, ಅಲ್ಲಿಂದ ಎರಡು ಗಂಟೆ ಹತ್ತಬೇಕು. ಹನ್ನೊಂದು ಮನೆ, ಎಲ್ಲ ಮಲೆಕುಡಿಯರು. ಉದ್ಯಾನ ಘೋಷಣೆಯಾದಂದಿನಿಂದ ತಮ್ಮನ್ನು ಯಾವಾಗ ಅಲ್ಲಿಂದ ಎಬ್ಬಿಸುತ್ತಾರೋ ಎಂಬ ಭಯದಲ್ಲೇ ಬದುಕುತ್ತಿದ್ದವರು. ಫೆಬ್ರವರಿಯಲ್ಲಿ ನಾನು ಹೋದಾಗ ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಎರಡನೇ ದಿನ ಜಗಲಿಯ ಮೇಲೆ ನಕ್ಷೆ ಹಾಸಿ, ಕಾಯುವ ಕೆಲಸದಲ್ಲಿ ನೀವು ಬೇಕು, ನೀವಿಲ್ಲಿ ಇರಬೇಕು ಎಂದೇ ಈ ಪುಸ್ತಕದಲ್ಲಿ ಬರೆಯುತ್ತೇನೆ ಎಂದೆ. ಆಗ ಲಿಂಗಮ್ಮ ಎಂಬ ಅರವತ್ತು ದಾಟಿದ ಹೆಂಗಸು ಹತ್ತಿರ ಬಂದು ಕೂತರು. ಅವರ ಮಗ ಸೂರಪ್ಪ ನಮ್ಮಲ್ಲೇ ದಿನಗೂಲಿ ವಾಚರ್.

ಆಕೆಗೆ ಓದು ಬರುತ್ತಿರಲಿಲ್ಲ. ಆದರೆ ಹಳ್ಳ ಯಾವುದು, ಗುಡ್ಡ ಯಾವುದು ಎಂದು ನಾನು ಒಮ್ಮೆ ಬೆರಳಿಟ್ಟು ತೋರಿಸಿದ್ದೇ ತಡ, ನನ್ನ ತಪ್ಪು ಹಿಡಿಯಲು ಶುರು ಮಾಡಿದರು. ನೀವು ಬೆಂಕಿರೇಖೆ ಎಳೆದ ಜಾಗದಲ್ಲಿ ಗಾಳಿ ತಿರುಗುತ್ತದೆ, ಬೆಂಕಿ ಹಾರಿ ಹೋಗುತ್ತದೆ, ಕೆಳಗೆ ಎಳೆಯಿರಿ ಎಂದರು. ಮೂರು ತಿಂಗಳು ಸರ್ವೆ ಮಾಡಿದರೂ ತಿಳಿಯದಿದ್ದ ಸಂಗತಿಗಳನ್ನು ಅರ್ಧ ದಿನದಲ್ಲಿ ಹೇಳಿದರು. ನಾನು ಗೀಚಿಕೊಳ್ಳುತ್ತಲೇ ಇದ್ದೆ. ಕೊನೆಗೆ, ಕಾಫಿ ಕುಡಿದು ಏಳುವ ಹೊತ್ತಿಗೆ, ಇನ್ನೊಂದು ಮಾತು ಹೇಳಿದರು.

"ಸಾರ್, ನಿಮ್ಮ ಜನಕ್ಕೆ ಇದನ್ನೂ ಹೇಳಿ. ನೆತ್ತಿ ಮೇಲೆ ಮಂಜು ಕೂತಾಗ ಯಾರಾದ್ರೂ ಒಂದೇ ಸಲ ಕೂಗಿದ್ರೆ ಓ ಅನ್ಬಾರ್ದು. ಮನುಷ್ಯ ಆದ್ರೆ ಮೂರು ಸಲ ಕೂಗ್ತಾನೆ. ಅದಕ್ಕೆ ಎರಡನೇ ಸಲ ಕೂಗೂಕೆ ಬರೂದಿಲ್ಲ."

"ಯಾವುದಕ್ಕೆ?" ಎಂದೆ.

"ಹೆಸರು ಹೇಳೂದಿಲ್ಲ ನಾವು. ಓಗೊಟ್ಟವರ ದನಿ ಅದಕ್ಕೆ ಸಿಕ್ತದೆ. ಆಮೇಲೆ ಅದೇ ದನಿಯಲ್ಲಿ ಬೇರೆಯವರನ್ನ ಕರೀತದೆ. ನಮ್ಮನೆಯವರು ಹಾಗೆ ಹೋದವರೇ. ಅವರ ಕತ್ತಿ ಬಂಡೆ ಮೇಲೆ ಸಿಕ್ತು. ಅವರು ಸಿಗ್ಲಿಲ್ಲ."

ನಕ್ಕೆ ಎಂದಲ್ಲ, ನಗು ತಡೆದುಕೊಂಡೆ. ಕೂಗಿನ ನಿಯಮ ಎಂದು ಅದನ್ನೂ ಬರೆದುಕೊಂಡೆ. ಜೂನ್ ಹೊತ್ತಿಗೆ ಅಧ್ಯಾಯ ಟೈಪ್ ಆಗಿ ಮೇಜಿಗೆ ಬಂದಾಗ, ಗುಮಾಸ್ತರು ನನ್ನ ಟಿಪ್ಪಣಿಯಲ್ಲಿದ್ದ ಆ ಸಾಲನ್ನೂ ಬಿಡದೆ ಟೈಪ್ ಮಾಡಿದ್ದರು. ಬೆಂಗಳೂರಿನ ಸಭೆಯಲ್ಲಿ ಇದನ್ನು ಓದಿದರೆ ನಾನು ನಗೆಪಾಟಲಾಗುತ್ತೇನೆ ಎನಿಸಿ ಕೆಂಪು ಶಾಯಿಯಲ್ಲಿ ಗೀಚಿ ತೆಗೆದೆ. ತೆಗೆದು ಸುಮ್ಮನಿದ್ದರೂ ಆಗುತ್ತಿತ್ತು. ಆ ಜಾಗದಲ್ಲಿ ನನ್ನ ಜಾಣತನ ತುಂಬಿದೆ. ಎರಡು ನೆತ್ತಿಗಳ ನಡುವಿನ ತಗ್ಗಿನಲ್ಲಿ ವಾಕಿಟಾಕಿ ಕೆಲಸ ಮಾಡುತ್ತಿರಲಿಲ್ಲ. ಅಂಥ ಕಡೆ ಮಂಜಿನಲ್ಲಿ ದಾರಿ ತಪ್ಪಿದ ಗಾರ್ಡ್ ನಿಂತಲ್ಲೇ ನಿಂತು ಒಂದು ಸಲ ಜೋರಾಗಿ ಕೂಗಬೇಕು, ಉತ್ತರ ಬರುವವರೆಗೆ ಮತ್ತೆ ಕೂಗಬಾರದು, ಮೇಲಿಂದ ಮೇಲೆ ಕೂಗಿದರೆ ಹುಡುಕುವವರಿಗೆ ದಿಕ್ಕು ತಪ್ಪುತ್ತದೆ ಎಂದು ಆದೇಶ ಬರೆದೆ. ಎಲ್ಲೋ ಟ್ರೇನಿಂಗಿನಲ್ಲಿ ಕೇಳಿದ್ದ ಮಾತು. ಆ ಮಣ್ಣಿನ ನಿಯಮಕ್ಕೆ ಸರಿಯಾಗಿ ತಿರುಗಾಮುರುಗಾ ಎಂಬುದು ನನಗೆ ಆಗ ಹೊಳೆಯಲೇ ಇಲ್ಲ.

ಮಳೆ ಕಡಿಮೆಯಾದ ಮೇಲೆ, ಅಕ್ಟೋಬರಿನಲ್ಲಿ, ಹೊಸ ಗಸ್ತಿನ ದಾರಿಯನ್ನು ಪ್ರಯೋಗಕ್ಕೆ ಬಿಟ್ಟೆವು. ಕೆಳಗಿನ ಕ್ಯಾಂಪಿನಿಂದ ಗಾರ್ಡ್ ಹೊರಟು ಹುಲ್ಲುಗುಡ್ಡದ ನೆತ್ತಿ ಹಿಡಿದು ಬರುವುದು, ನೆತ್ತಿಬೈಲಿನ ವಾಚರುಗಳು ಈ ಕಡೆಯಿಂದ ಹತ್ತಿ ತಗ್ಗಿನಲ್ಲಿ ಅವನನ್ನು ಸೇರುವುದು. ಮಲ್ಲಿಕಾರ್ಜುನ ಎಂಬ ಗಾರ್ಡ್ ಬಿಜಾಪುರದ ಕಡೆಯವನು. ಮೂವತ್ತರ ಆಸುಪಾಸು, ಹೇಳಿದ್ದನ್ನು ಹೇಳಿದಂತೆ ಮಾಡುವ ಆಳು. ಬಯಲುಸೀಮೆಯವನಾದ ಅವನಿಗೆ ರಕ್ತ ಹೀರುವ ಇಂಬಳವೂ ಮಂಜೂ ಎರಡೂ ಹೊಸತು. ಇಬ್ಬರು ಹೋಗಬೇಕಿದ್ದ ಗಸ್ತಿಗೆ ಆ ದಿನ, ಜೊತೆಯವನಿಗೆ ಜ್ವರ ಬಂದದ್ದರಿಂದ, ಅವನೊಬ್ಬನೇ ಹೊರಟ.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನೆತ್ತಿಯ ಮೇಲೆ ಮಂಜು ಕೂತಿತು. ಆ ಮಂಜನ್ನು ನೋಡದವರಿಗೆ ಹೇಳುವುದು ಕಷ್ಟ. ಚಾಚಿದ ಕೈಯ ಬೆರಳು ಕಾಣುವುದಿಲ್ಲ. ಹುಲ್ಲಿನ ಸದ್ದು ಕೂಡ ನಿಂತುಹೋಗುತ್ತದೆ. ತಗ್ಗಿನಲ್ಲಿ ಕಾಯುತ್ತಿದ್ದ ಸೂರಪ್ಪನಿಗೂ ಅವನ ಜೊತೆಗಿದ್ದ ಇಬ್ಬರು ವಾಚರುಗಳಿಗೂ ಆಗ ಒಂದು ಕೂಗು ಕೇಳಿತು. "ಸೂರಪ್ಪಾ" ಎಂದು, ಸ್ಪಷ್ಟವಾಗಿ, ಒಂದೇ ಸಲ. ಮೂವರೂ ಮುಖ ಮುಖ ನೋಡಿಕೊಂಡರು. ಎರಡನೇ ಕೂಗಿಗೆ ಕಾದರು. ಬರಲಿಲ್ಲ. ಯಾರೂ ಓ ಅನ್ನಲಿಲ್ಲ. ಎರಡು ಗಂಟೆ ಅಲ್ಲೇ ಕೂತು, ಗಾರ್ಡ್ ಬಾರದ್ದು ಕಂಡು ಕೆಳಗಿಳಿದು, ಬೇಗಾರಿನ ಅಂಗಡಿಯಿಂದ ನಮ್ಮ ಆಫೀಸಿಗೆ ಫೋನ್ ಮಾಡಿದರು.

ಆ ದಿನ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದೂವರೆವರೆಗೆ ನಾನು ಕೊಪ್ಪದ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ. ಜೊತೆಗೆ ಎಂಟು ಜನ ಇದ್ದರು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದು ಮುಂದೆ ತಿಳಿಯುತ್ತದೆ.

ನಾನು ನೆತ್ತಿಬೈಲು ಮುಟ್ಟುವಾಗ ಕತ್ತಲಾಗಿತ್ತು. ಸೂರಪ್ಪ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದ. ನನ್ನ ಜೊತೆ ಬಂದಿದ್ದ ರೇಂಜರ್ ಅವನ ಮೈಮೇಲೆ ಹೋದರು.

"ಕೂಗು ಕೇಳಿತೋ ಇಲ್ಲವೋ ಹೇಳೋ."

"ಕೇಳ್ತು ಸಾರ್. ಅವರದೇ ದನಿ. ಆದ್ರೆ ಒಂದೇ ಸಲ."

ನನಗೂ ಸಿಟ್ಟು ಬಂತು. ಒಬ್ಬ ಮನುಷ್ಯ ಹೆಸರು ಹಿಡಿದು ಕರೆದಿದ್ದಾನೆ, ಇವರು ಮೂವರು ಕೂತು ಕೇಳಿಸಿಕೊಂಡಿದ್ದಾರೆ. ನಾನೂ ಕೂಗಾಡಿದೆ. ಸೂರಪ್ಪ ಎಲ್ಲ ಕೇಳಿಸಿಕೊಂಡು ಮೆಲ್ಲಗೆ, "ಎಂತ ಹೇಳೂದು ಸಾರ್, ಅಮ್ಮ ನಿಮಗೆ ಹೇಳಿದ್ರಲ್ಲ, ನೀವು ಬರ್ಕೊಂಡ್ರಿ. ನಿಮ್ಮ ಗಾರ್ಡಿಗೆ ಗೊತ್ತುಂಟು ಅಂತ ನಾವು ಅಂದ್ಕೊಂಡ್ವಿ. ಗೊತ್ತಿದ್ದವನು ಒಂದೇ ಸಲ ಯಾಕೆ ಕೂಗ್ತಾನೆ?" ಎಂದ.

ಕೆಂಪು ಶಾಯಿ ಕಣ್ಣ ಮುಂದೆ ಬಂತು. ವಾಚರುಗಳು ತಮ್ಮ ನಿಯಮ ಉಳಿಸಿಕೊಂಡಿದ್ದರು, ಮಲ್ಲಿಕಾರ್ಜುನ ನನ್ನ ಆದೇಶ ಪಾಲಿಸಿದ್ದ. ಇಬ್ಬರ ನಡುವೆ ಇದ್ದವನು ನಾನೊಬ್ಬನೇ, ಆ ಇಬ್ಬರಲ್ಲಿ ಯಾರಿಗೂ ಇನ್ನೊಬ್ಬರ ವಿಷಯ ಹೇಳಿರಲಿಲ್ಲ. ರೇಂಜರ್ ಆಗಲೇ ವಾಚರುಗಳನ್ನು ಕೆಲಸದಿಂದ ತೆಗೆಯುವ ಮಾತಾಡುತ್ತಿದ್ದರು. ಗಾರ್ಡ್ ಸತ್ತರೆ ಕೆಲಸ ಮಾತ್ರವಲ್ಲ, ಇಂಥವರನ್ನು ಪಾಲುದಾರರು ಎಂದು ಬರೆದ ಅಧ್ಯಾಯವೂ ಹೋಗುತ್ತದೆ, ಅದರ ಹಿಂದೆ ಹನ್ನೊಂದು ಮನೆಯೂ ಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಕು ಹರಿಯುತ್ತಿದ್ದಂತೆ ಕೇರಿಯ ಗಂಡಸರು, ಹೆಂಗಸರು ಎಲ್ಲ ಹೊರಟರು. ಯಾರೂ ಅವರನ್ನು ಕರೆದಿರಲಿಲ್ಲ. ನಾಲ್ಕು ಗುಂಪು ಮಾಡಿಕೊಂಡು ನೆತ್ತಿಯ ಸುತ್ತ ಹರಡಿ, ಪ್ರತಿ ಗುಂಪೂ ಮೂರು ಮೂರು ಸಲ ಕೂಗುತ್ತ ಮುಂದೆ ಸಾಗಿತು. ಕೂಗಿ ನಿಲ್ಲುವುದು, ಕಿವಿಗೊಡುವುದು, ಮತ್ತೆ ಕೂಗುವುದು. ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣದಿದ್ದರೂ ಯಾರು ಎಲ್ಲಿದ್ದಾರೆಂದು ಆ ಮೂರು ಕೂಗಿನಿಂದಲೇ ಲೆಕ್ಕ ಸಿಗುತ್ತಿತ್ತು. ಇದು ಎಂಥ ಒಳ್ಳೆಯ ಪದ್ಧತಿ ಎಂದು ಆಗ ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೆ ನಾಚಿಕೆಯೂ ಆಯಿತು.

ನಾನು ಸೂರಪ್ಪನ ಗುಂಪಿನಲ್ಲಿದ್ದೆ. ನಮ್ಮ ಜೊತೆ ಆ ಇಬ್ಬರು ವಾಚರುಗಳೇ ಇದ್ದರು. ಹತ್ತೂವರೆ ಹೊತ್ತಿಗೆ ತಗ್ಗಿನ ಪಡುವಣ ಬದಿಗೆ ಬಂದಿದ್ದೆವು. ಸೂರಪ್ಪ ಮೂರು ಸಲ ಕೂಗಿ ನಿಂತ. ಎದುರಿನ ಬಿಳುಪಿನೊಳಗಿಂದ "ಸೂರಪ್ಪಾ" ಎಂದು ಬಂತು. ಮಲ್ಲಿಕಾರ್ಜುನನ ದನಿ, ಆ ಕಡೆಯವರ ಎಳೆತದ ಸಮೇತ. ನನಗೆ ಜೀವ ಬಂದಂತಾಯಿತು. ಓಡಲು ಹೆಜ್ಜೆ ಎತ್ತಿದರೆ ಸೂರಪ್ಪ ನನ್ನ ರಟ್ಟೆ ಹಿಡಿದ.

"ಇನ್ನೊಂದು ಸಲ ಬರ್ಲಿ ಸಾರ್."

ಕಾದೆವು. ಬರಲಿಲ್ಲ. ಸೂರಪ್ಪ ಮತ್ತೆ ಮೂರು ಸಲ ಕೂಗಿದ. ಏನೂ ಇಲ್ಲ. ಆದರೆ ನನ್ನ ತಲೆಯೊಳಗೆ ಒಂದು ಲೆಕ್ಕ ಇತ್ತು. "ಅವನು ಮತ್ತೆ ಕೂಗುವುದಿಲ್ಲ ಸೂರಪ್ಪ. ಕೂಗಬೇಡ ಎಂದು ಆರ್ಡರ್ ಮಾಡಿದವನು ನಾನು. ಉತ್ತರ ಬರುವವರೆಗೆ ಸುಮ್ಮನಿರು ಎಂದಿದ್ದೇನೆ. ನೀನು ಓ ಅನ್ನದಿದ್ದರೆ ಅವನು ಅಲ್ಲೇ ಸಾಯುತ್ತಾನೆ."

ಸೂರಪ್ಪ ಅಪ್ಪನನ್ನು ಕಳೆದುಕೊಂಡ ಜಾಗದಲ್ಲಿ ನಿಂತಿದ್ದಾನೆ, ನಾನು ಹೇಳುತ್ತಿರುವುದು ಅಪ್ಪ ಮಾಡಿದ್ದನ್ನೇ ಮಾಡು ಎಂದು. ಹೆಗಲ ಮೇಲಿದ್ದ ಹಗ್ಗ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡ. ಇನ್ನೊಂದು ತುದಿಯನ್ನು ನಮ್ಮ ಮೂವರ ಕೈಗೆ ಕೊಟ್ಟ.

"ಓ ಅಂದ ಮೇಲೆ ನಾನೇ ಬಿಡಿ ಅಂದ್ರೂ ಬಿಡ್ಬೇಡಿ" ಎಂದ. ಆಮೇಲೆ ಮಂಜಿಗೆ ಮುಖ ಮಾಡಿ, ಗಟ್ಟಿಯಾಗಿ, "ಓ" ಎಂದ.

ಹಗ್ಗ ನಮ್ಮ ಕೈಯಿಂದ ಸರಸರ ಜಾರತೊಡಗಿತು. ಅವನು ನಡೆಯುತ್ತಿರಲಿಲ್ಲ, ಓಡುತ್ತಿದ್ದ. ತುದಿಗೆ ಬಂದಾಗ ಮೂವರೂ ಹಿಂದಕ್ಕೆ ವಾಲಿ ಹಿಡಿದೆವು. ಅಂಗೈ ಸುಲಿದುಹೋಯಿತು. ಹಗ್ಗ ಬಿಗಿಯಾಗಿ ನಿಂತಿತು. ಗಾಳಿ ಒಂದು ಸಲ ಬೀಸಿ ಮಂಜು ತುಸು ಸರಿದಾಗ ನೋಡುತ್ತೇವೆ, ಅವನು ಪ್ರಪಾತದ ಅಂಚಿನಲ್ಲಿ ಅರ್ಧ ಮುಂದಕ್ಕೆ ಬಾಗಿ ನಿಂತಿದ್ದಾನೆ. ಅವನ ಮುಂದೆ ಹೆಜ್ಜೆ ಇಡಲು ನೆಲವಿರಲಿಲ್ಲ. ಎರಡಾಳು ಕೆಳಗೆ ಒಂದು ಬಂಡೆಯ ಚಾಚು, ಅದರ ಮೇಲೆ ಮಲ್ಲಿಕಾರ್ಜುನ ಮಗ್ಗುಲಾಗಿ ಬಿದ್ದಿದ್ದ. ಜೀವ ಇತ್ತು.

ಅದೇ ಹಗ್ಗದ ಇನ್ನೊಂದು ತುದಿ ಇಳಿಸಿ ಅವನನ್ನು ಮೇಲೆತ್ತಿದೆವು. ಕಣಕಾಲು ಮುರಿದಿತ್ತು, ತುಟಿ ಒಡೆದಿತ್ತು. ನೀರು ಕುಡಿಸಿದ ಮೇಲೆ ಪಿಸುಗುಟ್ಟುವಷ್ಟು ದನಿ ಬಂತು.

"ಸರ, ನಿನ್ನೆ ನೀವ ಓ ಅಂದ್ರಲ್ರೀ. ಅದಕ್ಕ ಈ ಕಡೆ ಬಂದ್ನಿ."

"ನಾನಾ?"

"ಹೌದ್ರೀ. ನೀವ ಹೇಳಿದ್ಹಂಗ ಒಮ್ಮೆ ಒದರಿ ನಿಂತೆ. ಸೂರಪ್ಪ ಮಾತಾಡ್ಲಿಲ್ಲ. ಆಮ್ಯಾಲ ಒಂದ್ ಸಲ ನನ್ನ ಹೆಸರು ಹಿಡದು ಯಾರೋ ಕರದ್ರು. ಓ ಅಂದೆ. ಆಗ 'ಓ ಓ, ಬಂದೆ ಬಂದೆ' ಅಂದ್ರಿ. ನಿಮ್ಮ ದನಿ ನನಗ ಗೊತ್ತಾಗಲ್ಲೇನ್ರೀ?"

ನಾನು ಕೊಪ್ಪದಲ್ಲಿ ಎಂಟು ಜನರ ನಡುವೆ ಕೂತಿದ್ದ ಹೊತ್ತು ಅದು. ಆದರೆ ನಾನು ಬೆಚ್ಚಿದ್ದು ಅದಕ್ಕಲ್ಲ. ಅದೇ ವರ್ಷದ ಮೇ ಕೊನೆಯಲ್ಲಿ ಸರ್ವೆಗೆಂದು ಇದೇ ನೆತ್ತಿಗೆ ಬಂದಿದ್ದೆ. ಮಂಜಿನಲ್ಲಿ ಯಾರೋ "ಸಾರ್" ಎಂದು ಕರೆದರು. ನಮ್ಮ ಸರ್ವೆಯರ್ ಇರಬೇಕೆಂದು "ಓ ಓ, ಬಂದೆ ಬಂದೆ" ಎಂದಿದ್ದೆ. ಸರ್ವೆಯರ್ ತಾನು ಕರೆದೇ ಇಲ್ಲವೆಂದ. ಆ ಮಾತು ಅಲ್ಲಿಗೇ ಮರೆತೂ ಹೋಗಿತ್ತು.

ಸೂರಪ್ಪ ಮಲ್ಲಿಕಾರ್ಜುನನ ಹತ್ತಿರ ಕುಕ್ಕರುಗಾಲಲ್ಲಿ ಕೂತ. "ಈಗ ಒಂದು ಗಳಿಗೆ ಮುಂಚೆ ನನ್ನ ಕರೆದ್ರಲ್ಲ?" ಎಂದು ಕೇಳಿದ.

"ಇವತ್ತೆಲ್ಲಿ ಕರೀಲೋ ತಮ್ಮಾ. ನಿನ್ನೆ ಬಿದ್ದ ಮ್ಯಾಲ ಒದರಿ ಒದರಿ ಸಂಜಿಗೇ ಗಂಟಲ ಹೋತು. ನಿಮ್ಮ ಕೂಗು ಕೇಳ್ತಿತ್ತು, ನನಗ ಉಸರ ಬಿಡಾಕೂ ಆಗಲಿಲ್ಲ."

ಪ್ರಾಣಕ್ಕೆ ಬಂದಾಗ ನನ್ನ ಆರ್ಡರ್ ಅವನಿಗೆ ನೆನಪೂ ಆಗಿರಲಿಲ್ಲ. ನೂರು ಸಲ ಕೂಗಿದ್ದ, ಬಂಡೆಯ ಮರೆಯಿಂದ ಅದು ಮೇಲಕ್ಕೆ ಮುಟ್ಟಿರಲಿಲ್ಲ. ನನ್ನ ಲೆಕ್ಕ ಪೂರ್ತಿ ತಪ್ಪು. ಅದನ್ನು ನಂಬಿ ಸೂರಪ್ಪ ಓಗೊಟ್ಟಿದ್ದ. ಅವನು ಎದ್ದು ನಿಂತು, ಸೊಂಟದ ಗಂಟು ಬಿಚ್ಚುತ್ತ, ನಮ್ಮ ಮೂವರಿಗೂ ಸೇರಿಸಿ ಒಂದೇ ಮಾತು ಹೇಳಿದ.

"ಅಮ್ಮಂಗೆ ಹೇಳ್ಬೇಡಿ."

ಮಲ್ಲಿಕಾರ್ಜುನನನ್ನು ಕಂಬಳಿಯಲ್ಲಿ ಹೊತ್ತು ಇಳಿಸಿ ಆಸ್ಪತ್ರೆಗೆ ಸೇರಿಸಿದೆವು. ಮೂರು ತಿಂಗಳಲ್ಲಿ ನಡೆಯುವಂತಾದ, ಆಮೇಲೆ ತನ್ನ ಊರಿನ ಕಡೆಗೆ ವರ್ಗ ಮಾಡಿಸಿಕೊಂಡ. ರೇಂಜರ್ ಬರೆದ ವರದಿಯಲ್ಲಿ ತಪ್ಪೆಲ್ಲ ವಾಚರುಗಳದ್ದು. ನಾನು ಬೇರೆಯೇ ವರದಿ ಬರೆದೆ. ಕೂಗಿನ ನಿಯಮ ನನಗೆ ಮೊದಲೇ ತಿಳಿಸಲಾಗಿತ್ತು, ಅದನ್ನು ಗೀಚಿ ತೆಗೆದವನು ನಾನು, ಅದಕ್ಕೆ ವಿರುದ್ಧವಾದ ಆದೇಶ ಹೊರಡಿಸಿದವನೂ ನಾನು ಎಂದು ಸಹಿ ಹಾಕಿದೆ. ಅಧ್ಯಾಯಕ್ಕೆ ಆ ನಿಯಮವನ್ನು ಮತ್ತೆ ಸೇರಿಸಿದೆ. ಬೆಂಗಳೂರಿನ ಸಭೆಯಲ್ಲಿ ಮೇಲಧಿಕಾರಿಯೊಬ್ಬರು ಆ ಪುಟ ತಿರುವಿ, "ಇದೇನ್ರೀ, ಪ್ಲ್ಯಾನಲ್ಲಿ ದೆವ್ವದ ಕಥೆ?" ಎಂದರು. "ಸರ್, ದೆವ್ವದ ವಿಷಯ ನನಗೆ ಗೊತ್ತಿಲ್ಲ. ಮಂಜಿನಲ್ಲಿ ಮೂರು ಸಲ ಕೂಗಿದವನು ಸಿಗುತ್ತಾನೆ, ಅಷ್ಟು ಗೊತ್ತು" ಎಂದೆ. ನನಗೊಂದು ಮೆಮೊ ಬಂತು. ಅಧ್ಯಾಯ ಉಳಿಯಿತು. ನೆತ್ತಿಬೈಲಿನ ಹೆಸರೂ ಅದರಲ್ಲಿ ಉಳಿಯಿತು.

ಮುಂದಿನ ವರ್ಷ ಪ್ಲ್ಯಾನಿನ ಪ್ರತಿ ಹಿಡಿದುಕೊಂಡು ಕೇರಿಗೆ ಹೋದೆ. ಸೂರಪ್ಪ ತಾನೇ ಕೇಳಿಕೊಂಡು ಕೆಳಗಿನ ಚೆಕ್‌ಪೋಸ್ಟಿಗೆ ಹೋಗಿದ್ದ. ಲಿಂಗಮ್ಮ ಒಬ್ಬರೇ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದರು. ಅವರ ಮಾತು ಅಚ್ಚಾದ ಪುಟ ತೋರಿಸಿದೆ. ಅದರ ಮೇಲೆ ಒಮ್ಮೆ ಕೈಯಾಡಿಸಿ ಪಕ್ಕಕ್ಕಿಟ್ಟರು.

"ಅವತ್ತು ಮೇಲೆ ಓಗೊಟ್ಟಿದ್ದು ಯಾರು ಸಾರ್?"

ನಾನು ತಯಾರಾಗಿಯೇ ಬಂದಿದ್ದೆ. "ನಾನೇ ಅಮ್ಮ" ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. "ಒಳ್ಳೇ ಮಾತು ಹೇಳಿದ್ರಿ. ಆದ್ರೆ ಮೊನ್ನೆ ನಾನು ಸೊಪ್ಪಿಗೆ ಹೋಗಿದ್ದೆ. ಮೇಲಿಂದ ಅಮ್ಮಾ ಅಂತ ಕೇಳ್ತು. ಸೂರಪ್ಪನ ದನಿ. ಸೂರಪ್ಪ ರಜೆಗೆ ಬಂದು ಮನೇಲಿ ಮಲಗಿದ್ದ." ಅಡಿಕೆ ಕತ್ತರಿಸುವ ಕೈ ನಿಂತಿತು. "ಒಂದೇ ಸಲ ಕರೀತು ಸಾರ್. ಮಗ ಕರೆದ್ರೆ ಓ ಅನ್ನದೆ ಇದ್ದದ್ದು ನಾನು ಅವತ್ತೇ ಮೊದಲು."

ಇದನ್ನೆಲ್ಲ ನಂಬಿ ಎಂದು ನಾನು ಹೇಳುವುದಿಲ್ಲ. ಗುಡ್ಡಗಳ ಪ್ರತಿಧ್ವನಿ, ಮಂಜಿನಲ್ಲಿ ಕಿವಿ ಮಾಡುವ ಮೋಸ, ಹೆದರಿದ ಮನಸ್ಸು ಎಂದು ನನ್ನಷ್ಟಕ್ಕೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನೌಕರಿ ನನಗೆ ಕಲಿಸಿದ್ದು ದೆವ್ವದ ವಿಷಯವಲ್ಲ. ಒಂದು ಜಾಗದಲ್ಲಿ ಬದುಕುವವರು ಹೇಳಿದ ಮಾತನ್ನು ಕಾಗದದಿಂದ ತೆಗೆಯುವ ಮುಂಚೆ, ಅದನ್ನು ತೆಗೆದರೆ ಯಾರ ಮನೆಗೆ ಏನಾಗುತ್ತದೆ ಎಂದು ಕೇಳಿಕೊಳ್ಳಬೇಕು. ನಾನು ಕೇಳಿಕೊಳ್ಳಲಿಲ್ಲ. ಲಿಂಗಮ್ಮ ಅದಾದ ಮೇಲೆ ಆರು ವರ್ಷ ಇದ್ದರು. ಸೂರಪ್ಪ ರಜೆಗೆ ಬಂದಾಗಲೆಲ್ಲ ಅಂಗಳದಲ್ಲಿ ನಿಂತು ಅಮ್ಮಾ ಎಂದು ಮೂರು ಸಲ ಕರೆಯುತ್ತಿದ್ದನಂತೆ. ಮೂರನೆಯದು ಬರುವವರೆಗೆ ಆಕೆ ಬಾಗಿಲ ಹಿಂದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿರುತ್ತಿದ್ದರಂತೆ.